ಮೊದಲ ಸಲ ಟಿಲ್ಲರ್ ಹಿಡಿಯುವವರಿಗೆ

ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟಗಳಲ್ಲಿ, ಹಿರಿಯೂರಿನ ವೇದಾವತಿ ಬಯಲಿನಲ್ಲಿ ಟ್ರ್ಯಾಕ್ಟರ್ ನುಗ್ಗಲಾಗದ ಕಡೆ ಕೆಲಸಕ್ಕೆ ಬರುವುದು ಪವರ್ ಟಿಲ್ಲರ್. ಸ್ವಂತದ್ದಿಲ್ಲದವರು ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುತ್ತಾರೆ. ಹೊಸಬರು ಇದನ್ನು ತೋಳ್ಬಲದಿಂದ ಪಳಗಿಸಲು ಹೋಗಿ ಸುಸ್ತಾಗುತ್ತಾರೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೇಗೆ ತಲುಪುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ.

ಡೀಸೆಲ್ ಎಂಜಿನ್ನಿನ ಶಕ್ತಿ ವಿ-ಬೆಲ್ಟುಗಳ ಮೂಲಕ ಮುಖ್ಯ ಕ್ಲಚ್ಚಿಗೆ, ಅಲ್ಲಿಂದ ಗೇರ್ ಪೆಟ್ಟಿಗೆಗೆ, ಆಮೇಲೆ ಚಕ್ರಗಳಿಗೂ ರೋಟರಿಗೂ ಹೋಗುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಬೆಲ್ಟು. ಎಂಜಿನ್ ನಿಲ್ಲಿಸಿ, ಎರಡು ಪುಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಅದು ಎಷ್ಟು ಬಾಗಬೇಕೆಂಬ ಅಳತೆ ಯಂತ್ರದ ಕೈಪಿಡಿಯಲ್ಲಿದೆ. ಸಡಿಲವಾದರೆ ಬೆಲ್ಟು ಜಾರಿ ಕಾದು ಸುಡುತ್ತದೆ; ಅತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಎಣ್ಣೆ ತಾಗಿದ್ದರೆ ಒರೆಸಿ. ಒಂದು ಹರಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಚಿತ್ರದುರ್ಗದ ಬೇಸಿಗೆಯ ಧೂಳು ಎಂಜಿನ್ನಿಗೆ ದೊಡ್ಡ ಶತ್ರು. ಆ ದಿನಗಳಲ್ಲಿ ಏರ್ ಕ್ಲೀನರನ್ನು ನಿತ್ಯ ನೋಡಿ. ಎಂಜಿನ್ ಆಯಿಲ್, ರೇಡಿಯೇಟರ್ ನೀರು, ರೋಟರಿ ಬ್ಲೇಡುಗಳ ಬೋಲ್ಟು, ಇವೂ ದಿನದ ತಪಾಸಣೆಗೆ ಸೇರಿದವು.

ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಯಂತ್ರವಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ, ಸುತ್ತಿ ಹಿಡಿಯಬೇಡಿ. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈ ತಾನಾಗಿ ಬಿಡಿಸಿಕೊಳ್ಳುತ್ತದೆ.

ತಿರುಗಿಸಲು ಎಡಕ್ಕೊಂದು, ಬಲಕ್ಕೊಂದು ಕ್ಲಚ್ ಇವೆ. ಸಮತಟ್ಟಿನಲ್ಲಿ ಎಡಗೈ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ ಯಂತ್ರ ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಇದು ತಿರುವುಮುರುವು. ಅಲ್ಲಿ ಎಂಜಿನ್ನೇ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಎಡ ಕ್ಲಚ್ ಹಿಡಿದೊಡನೆ ಎಡ ಚಕ್ರ ಆ ತಡೆಯಿಂದ ಬಿಡುಗಡೆಯಾಗಿ ಮುಂದೆ ಓಡುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಬದು ಇಳಿಸುವಾಗ ಜನ ಗಾಬರಿಬಿದ್ದು ಯಂತ್ರವನ್ನು ಮಗುಚುವುದು ಇಲ್ಲೇ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ನ್ಯೂಟ್ರಲ್ ಮಾಡಬೇಡಿ, ಪಕ್ಕದ ಕ್ಲಚ್ ಮುಟ್ಟದೆ ಹಿಡಿಕೆಯನ್ನೇ ನಿಧಾನವಾಗಿ ಒತ್ತಿ ದಾರಿ ತಿದ್ದಿ.

ಉಳುಮೆಗೆ ಮಣ್ಣಿನ ಹದ ಮುಖ್ಯ. ಹಸಿ ಎರೆ ಮಣ್ಣು ಬ್ಲೇಡಿಗೂ ಚಕ್ರಕ್ಕೂ ಮೆತ್ತಿಕೊಳ್ಳುತ್ತದೆ. ಒಂದೆರಡು ದಿನ ಆರಲು ಬಿಡಿ. ಕಲ್ಲಿರುವ ಕೆಂಪು ಮಣ್ಣಿನಲ್ಲಿ ಆಳ ಕಡಿಮೆ ಮಾಡಿ. ಅಡಿಕೆಯ ಹೀರುಬೇರುಗಳು ಬುಡದ ಸುತ್ತ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. 9 ಅಡಿ ಸಾಲಿನಲ್ಲಿ ಎರಡೂ ಬದಿ ಎರಡೂವರೆ ಅಡಿ ಬಿಟ್ಟರೆ ನಡುವೆ ಉಳಿಯುವುದು 4 ಅಡಿ. 2 ಅಡಿ ಅಗಲದ ರೋಟರಿಗೆ ಎರಡು ಸುತ್ತು ಸಾಕು. ಡ್ರಿಪ್ ಪೈಪುಗಳನ್ನು ಮೊದಲೇ ಸುತ್ತಿಡಿ.

ರೋಟರಿ ತಿರುಗುತ್ತಿರುವಾಗ ಯಂತ್ರವನ್ನು ಹಿಂದಕ್ಕೆ ಎಂದೂ ತರಬೇಡಿ, ಬ್ಲೇಡು ನಿಮ್ಮ ಕಾಲಿನತ್ತಲೇ ಬರುತ್ತದೆ. ಸಿಕ್ಕಿದ ಹುಲ್ಲು ಬಿಡಿಸುವಾಗ ಎಂಜಿನ್ ನಿಂತಿರಲಿ. ಲುಂಗಿ, ಸೀರೆಯ ಸೆರಗು, ಟವೆಲ್ಲು ಬೆಲ್ಟಿನ ಹತ್ತಿರ ಸುಳಿಯಬಾರದು.

ಮೊದಲ ದಿನ ರೋಟರಿ ಜೋಡಿಸದೆ ಖಾಲಿ ಕಣದಲ್ಲಿ ತಿರುಗಿಸಿ ಅಭ್ಯಾಸ ಮಾಡಿ. ಇಳಿಜಾರನ್ನು ಅನುಭವಿಯೊಬ್ಬರು ಪಕ್ಕದಲ್ಲಿದ್ದಾಗಲೇ ಕಲಿಯಿರಿ. ಸಂಶಯ ಬಂದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಕಾಲು ಕಳೆದುಕೊಂಡು ಕಲಿಯಬೇಕಾದ ವಿದ್ಯೆ ಇದಲ್ಲ.