ಗಂಟೆಲ್ಲ ಅರ್ಬುದವಲ್ಲ

ಮಳಖೇಡದ ಸೋದರಿಗೆ,

ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ 30 ವರ್ಷ ದುಡಿದ ನಿಮ್ಮ ತಂದೆಯವರ ಶ್ವಾಸಕೋಶದಲ್ಲಿ 2 ಸೆಂಟಿಮೀಟರಿನ ಗಂಟೊಂದು ಸಿ.ಟಿ. ಚಿತ್ರದಲ್ಲಿ ಕಂಡಿತೆಂದೂ, ಅಂದಿನಿಂದ ಮನೆಯಲ್ಲಿ ಯಾರಿಗೂ ರೊಟ್ಟಿ ಗಂಟಲಿಳಿಯದೆಂದೂ ಬರೆದಿರುವಿರಿ. ಆ ಭೀತಿ ಸಹಜವಾದುದೇ. ಆದರೆ 3 ಸೆಂಟಿಮೀಟರಿಗೆ ಮೀರದ ಇಂತಹ ಗಂಟುಗಳಲ್ಲಿ ಎಷ್ಟೋ ನಿರಪಾಯವಾದುವು. ಹಳೆಯ ಕ್ಷಯದ ಗಾಯ ಮಾಗಿ ಉಳಿದ ಗಂಟು ನಮ್ಮ ದೇಶದಲ್ಲಿ ಅಪೂರ್ವವೇನಲ್ಲ. ಮೃದ್ವಸ್ಥಿಯೂ ಮೇದಸ್ಸೂ ಬೆರೆತು ಬೆಳೆಯುವ ಹ್ಯಾಮಾರ್ಟೋಮ ವಿರಳ, ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರಗೊಂಡ ಗಂಟು ಅದಕ್ಕಿಂತಲೂ ವಿರಳ. ಇವುಗಳ ಪೈಕಿ ಕ್ಷಯದ ಗಂಟಂತೂ ಪೆಟ್ ಸ್ಕ್ಯಾನಿನಲ್ಲಿ ಕೆಲವೊಮ್ಮೆ ಅರ್ಬುದದಂತೆಯೇ ಬೆಳಗಿ ನುರಿತ ಕಣ್ಣುಗಳನ್ನೂ ವಂಚಿಸುವುದರಿಂದ, ಆ ಬೆಳಕೊಂದನ್ನೇ ನಂಬಿ ತೀರ್ಪು ಹೇಳಲಾಗದು.

ಟ್ರಂಕಿನ ತಳದಲ್ಲಿ ಹಳೆಯ ಚಿತ್ರಗಳಿದ್ದರೆ ಹುಡುಕಿರಿ (ನಮ್ಮವರು ಮದುವೆಯ ಕರೆಯೋಲೆಯನ್ನು ಜೋಪಾನ ಮಾಡುವರು, ಎಕ್ಸ್‌ರೇಯನ್ನಲ್ಲ!): 2 ವರ್ಷಗಳಲ್ಲಿ ಗಾತ್ರ ಬದಲಾಗದ ಘನವಾದ ಗಂಟು ಬಹುಮಟ್ಟಿಗೆ ನಿರಪಾಯ. ದೊರೆಯದಿದ್ದಲ್ಲಿ, ತಂದೆಯವರು ಬೀಡಿ ಸೇದಿದವರೂ ಆಗಿರುವುದರಿಂದ, ತಡಮಾಡದೆ ಕಲಬುರಗಿಯ ಕಿದ್ವಾಯಿ ಅರ್ಬುದ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದು, ವೈದ್ಯರು ಒಪ್ಪಿದರೆ ಸೂಜಿಯಿಂದ ತುಣುಕು ತೆಗೆಸಿರಿ, ಕಫಪರೀಕ್ಷೆಯನ್ನೂ ಬಿಡಬೇಡಿರಿ. ತುಣುಕಿನಲ್ಲಿ ಅರ್ಬುದ ಕಾಣಲಿಲ್ಲವೆಂಬ ಮಾತ್ರಕ್ಕೆ ನಿಶ್ಚಿಂತರಾಗದೆ, ವೈದ್ಯರು ಹೇಳಿದ ತಿಂಗಳಿಗೆ ಮರುಚಿತ್ರ ತೆಗೆಸತಕ್ಕದ್ದು.