ಹೊಸ ಸೆಡಾನೋ, ಸೆಕೆಂಡ್ ಹ್ಯಾಂಡೋ? ಒಳ್ಳೆಯ ಡೀಲ್‌ಗೆ 11 ಸೂತ್ರಗಳು

ಪ್ರಮೋಷನ್ ಬಂದಿದೆ. ಮಗು ಸ್ಕೂಲಿಗೆ ಸೇರಿದೆ. ಅಪ್ಪ-ಅಮ್ಮ ಊರಿನಿಂದ ಬಂದರೆ ಸಣ್ಣ ಕಾರಿನಲ್ಲಿ ಮೊಣಕಾಲು ಮಡಚಿ ಕೂರಬೇಕು. ಹಾಗಾಗಿ ನಿಮ್ಮ ಕಣ್ಣು ಮಿಡ್‌ಸೈಜ್ ಸೆಡಾನ್ ಮೇಲೆ ಬಿದ್ದಿದೆ: ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಇಲ್ಲವೇ ಮಾರುತಿ ಸಿಯಾಜ್. ಒಳ್ಳೆಯ ಆಯ್ಕೆ. ಊರಿಗೆ ಊರೇ ಎಸ್‌ಯುವಿ ಹಿಂದೆ ಬಿದ್ದಿರುವಾಗ ಸೆಡಾನ್ ಕೇಳುವವರು ಕಡಿಮೆ. ಕೇಳುವವರು ಕಡಿಮೆ ಇರುವ ಕಡೆ ಚೌಕಾಸಿಗೆ ಜಾಗ ಹೆಚ್ಚು.

ಉಳಿದಿರುವುದು ಒಂದೇ ಪ್ರಶ್ನೆ. ಹೊಸದೋ, ಹಳೆಯದೋ? ಇದನ್ನು ಆರು ತಿಂಗಳು ಎಳೆಯಬೇಡಿ. ತಲೆಯೊಳಗೇ ಕೂಡಿ ಕಳೆಯುವವರೆಗೆ ಅನುಮಾನ ಬೆಳೆಯುತ್ತಲೇ ಇರುತ್ತದೆ. ಕಾಗದಕ್ಕೆ ಇಳಿಸಿದ ತಕ್ಷಣ ಕರಗುತ್ತದೆ. ಪೆನ್ನು ತೆಗೆದುಕೊಳ್ಳಿ.

1. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಮೊದಲು ಬರೆಯಿರಿ

ಮಾಡೆಲ್, ಬಣ್ಣ, ಸನ್‌ರೂಫ್ ಎಲ್ಲ ಆಮೇಲೆ. ಎಂಟು-ಹತ್ತು ವರ್ಷ ಓಡಿಸುತ್ತೀರಾ? ಹೊಸದನ್ನು ಕೊಳ್ಳಿ. ಮೊದಲ ವರ್ಷಗಳ ನಷ್ಟ ಹತ್ತು ವರ್ಷಕ್ಕೆ ಹಂಚಿಹೋಗುತ್ತದೆ. ನಾಲ್ಕೈದು ವರ್ಷದಲ್ಲಿ ಕೆಲಸ, ಊರು ಬದಲಾಗಬಹುದಾ? ಮೂರರಿಂದ ನಾಲ್ಕು ವರ್ಷ ಓಡಿದ ಕಾರನ್ನೇ ಹುಡುಕಿ. ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ಬಾರಿ ಸೆಡಾನ್ ಕೊಳ್ಳುವ ಹೆಚ್ಚಿನ ಕುಟುಂಬಗಳಿಗೆ ಈ ಎರಡನೇ ದಾರಿಯೇ ಸರಿ. ಏಕೆ ಎಂಬುದು ಮುಂದಿನ ಸೂತ್ರದಲ್ಲಿದೆ.

2. ಆನ್-ರೋಡ್ ಬೆಲೆಯನ್ನು ಬಿಡಿಸಿ ನೋಡಿ

ಶೋರೂಮ್‌ನವರು ಒಂದೇ ಮೊತ್ತ ಹೇಳುತ್ತಾರೆ. ನೀವು ಅದನ್ನು ಸಾಲು ಸಾಲಾಗಿ ಕೇಳಿ.

ಎಕ್ಸ್-ಶೋರೂಮ್ 14 ಲಕ್ಷದ ಸೆಡಾನ್ ಎಂದಿಟ್ಟುಕೊಳ್ಳಿ. ಅದರೊಳಗೇ ಜಿಎಸ್‌ಟಿ ಕೂತಿದೆ. ನಾಲ್ಕು ಮೀಟರ್ ದಾಟಿದ ಕಾರಿಗೆ ಈಗ ಶೇ 40. 2025ರ ಸೆಪ್ಟೆಂಬರ್ 22ಕ್ಕೆ ಮೊದಲು 1.5 ಲೀಟರ್ ಪೆಟ್ರೋಲ್ ಸೆಡಾನ್‌ಗೆ ಸೆಸ್ ಸೇರಿ ಶೇ 45 ಇತ್ತು. ಅಲ್ಲಿಗೆ ಮುಗಿಯಲಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 17. ಅಂದರೆ 2,38,000 ರೂಪಾಯಿ, ಅದರ ಮೇಲೆ ಸೆಸ್. ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಸೇರಿದರೆ ಕಾರು ಗೇಟು ದಾಟುವಾಗ 17 ಲಕ್ಷದ ಆಸುಪಾಸು.

ಈಗ ಇದೇ ಕಾರನ್ನು ಇನ್ಶೂರೆನ್ಸ್ ಕಂಪನಿ ಹೇಗೆ ನೋಡುತ್ತದೆ? ಪಾಲಿಸಿಯಲ್ಲಿ ಬರುವ ಐಡಿವಿಗೆ, ಅಂದರೆ ಕಂಪನಿ ಒಪ್ಪುವ ಕಾರಿನ ಬೆಲೆಗೆ, ನಿಗದಿಯಾದ ಸವಕಳಿ ಪಟ್ಟಿ ಇದೆ. ಎರಡನೇ ವರ್ಷದಲ್ಲಿ ಶೇ 20, ಮೂರನೇ ವರ್ಷದಲ್ಲಿ ಶೇ 30, ನಾಲ್ಕನೇ ವರ್ಷದಲ್ಲಿ ಶೇ 40, ಐದನೇ ವರ್ಷದಲ್ಲಿ ಶೇ 50 ಕಡಿತ. ಹಾಗಾದರೆ 14 ಲಕ್ಷದ ಕಾರು ನಾಲ್ಕನೇ ವರ್ಷದಲ್ಲಿ 8.4 ಲಕ್ಷ. ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸ್ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚೆನ್ನಾಗಿ ನೋಡಿಕೊಂಡ ಕಾರಿಗೆ ಮಾರ್ಕೆಟ್‌ನಲ್ಲಿ ಇದಕ್ಕಿಂತ ಹೆಚ್ಚು ಕೇಳುತ್ತಾರೆ, ಕೇಳಲಿ. ಆದರೂ ಮೊದಲ ಮಾಲೀಕ ಕಟ್ಟಿದ ಟ್ಯಾಕ್ಸ್ ಕಾರಿನ ಜತೆಗೇ ನಿಮಗೆ ಬರುತ್ತದೆ. ಕರ್ನಾಟಕದೊಳಗೇ ಕೊಂಡರೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಸೆಡಾನ್‌ನ ನಿಜವಾದ ಬಲ ಇದೇ.

ಹೊಸದನ್ನೇ ಕೊಳ್ಳುವವರಿಗೆ ಒಂದು ಮಾತು: 10 ಲಕ್ಷ ದಾಟಿದ ಕಾರಿಗೆ ಮಾರುವವರು ಶೇ 1 ತೆರಿಗೆ (ಟಿಸಿಎಸ್) ಹಿಡಿಯುತ್ತಾರೆ. ಅದು ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಜಮೆಯಾಗುವ ಹಣ. ರಿಟರ್ನ್ಸ್‌ನಲ್ಲಿ ಕ್ಲೇಮ್ ಮಾಡಿ. ಎಷ್ಟೋ ಜನ ಮರೆತುಬಿಡುತ್ತಾರೆ.

3. ಜನರೇಷನ್ ಗೊತ್ತು ಮಾಡಿಕೊಂಡು ಹುಡುಕಿ

ವರ್ಷ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಸಿಟಿಯ ನಾಲ್ಕನೇ ಜನರೇಷನ್ ಬಂದದ್ದು 2014ರಲ್ಲಿ, ಐದನೆಯದು 2020ರ ಜುಲೈನಲ್ಲಿ. ಸ್ವಲ್ಪ ಕಾಲ ಎರಡೂ ಒಟ್ಟಿಗೇ ಮಾರಾಟವಾದವು. ಹಾಗಾಗಿ ‘2021ರ ಸಿಟಿ’ ಎಂದ ಮಾತ್ರಕ್ಕೆ ಅದು ಹೊಸ ಬಾಡಿ ಎಂದುಕೊಳ್ಳಬೇಡಿ. ಈಗಿನ ವೆರ್ನಾ 2023ರ ಮಾರ್ಚ್‌ನದ್ದು. ಸ್ಲಾವಿಯಾ, ವರ್ಟಸ್ ಎರಡೂ 2022ರವು. ಸಿಯಾಜ್ 2014ರಿಂದ 2025ರವರೆಗೆ ಮಾರಾಟವಾಗಿ ನಿಂತುಹೋಯಿತು. ನಿಂತಿತು ಎಂದು ಹೆದರಬೇಡಿ. ಮಾರುತಿಯ ಸರ್ವಿಸ್ ಜಾಲ ತಾಲ್ಲೂಕು ಮಟ್ಟಕ್ಕೂ ಇದೆ. ‘ಕಂಪನಿ ಮಾಡೆಲ್ ನಿಲ್ಲಿಸಿದೆಯಲ್ಲ’ ಎಂದು ಬೆಲೆ ಇಳಿಸಿ ಕೇಳಿ.

2020ರ ಏಪ್ರಿಲ್‌ನಿಂದ ಬಿಎಸ್-6 ಮಾಲಿನ್ಯ ನಿಯಮ. ಅದಕ್ಕಿಂತ ಹಳೆಯದು ಬೇಡ. 2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳು ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್‌ಗೆ ಹೊಂದುವ ಬಿಡಿಭಾಗಗಳೊಂದಿಗೆ ಬಂದಿವೆ. ಅದಕ್ಕೂ ಹಿಂದಿನ ಕಾರಾದರೆ ಓನರ್ಸ್ ಮ್ಯಾನ್ಯುಯಲ್ ತೆರೆದು ನೋಡಿ, ಕಂಪನಿಯನ್ನೂ ಕೇಳಿ.

4. ಡೀಸೆಲ್ ಆಸೆಗೆ ಕಡಿವಾಣ ಹಾಕಿ

ಸಿಟಿ ಡೀಸೆಲ್, ವೆರ್ನಾ ಡೀಸೆಲ್ ಎರಡೂ 2023ರಲ್ಲಿ ನಿಂತವು. ಬಳಸಿದ್ದು ಸಿಗುತ್ತದೆ, ಮೈಲೇಜೂ ಚೆನ್ನಾಗಿದೆ. ಆದರೆ ಬಿಎಸ್-6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಶುದ್ಧವಾಗಬೇಕಾದರೆ ಎಕ್ಸಾಸ್ಟ್ ಚೆನ್ನಾಗಿ ಕಾಯಬೇಕು, ಅದಕ್ಕೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ವಾರಕ್ಕೊಮ್ಮೆ ಹುಬ್ಬಳ್ಳಿ-ಬೆಂಗಳೂರು ಓಡಿಸುವವರು ಕೊಳ್ಳಿ. ಜಯನಗರದಿಂದ ಮಾರತ್‌ಹಳ್ಳಿಗೆ ತೆವಳುವವರು ಪೆಟ್ರೋಲ್ ಕೊಳ್ಳಿ.

5. ಸ್ಟಾರ್ ನೋಡಿ, ವೇರಿಯಂಟ್ ಕೂಡ ನೋಡಿ

ಸ್ಲಾವಿಯಾ, ವರ್ಟಸ್, ಈಗಿನ ವೆರ್ನಾ ಮೂರೂ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ 5 ಸ್ಟಾರ್ ಪಡೆದವು. ನಾಲ್ಕನೇ ಜನರೇಷನ್ ಸಿಟಿಗೆ ಅದಕ್ಕೂ ಹಿಂದಿನ ನಿಯಮದಲ್ಲಿ 4 ಸ್ಟಾರ್ ಸಿಕ್ಕಿತ್ತು. ಬಳಸಿದ ಕಾರಿನಲ್ಲಿ ಏರ್‌ಬ್ಯಾಗ್ ಎಷ್ಟು, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಇದೆಯೇ ಎಂಬುದು ವೇರಿಯಂಟ್‌ನಿಂದ ವೇರಿಯಂಟ್‌ಗೆ ಬದಲಾಗುತ್ತದೆ. ಒಂದೇ ಬೆಲೆಗೆ ಸನ್‌ರೂಫ್ ಇರುವ ಹಳೆಯ ಕಾರು ಮತ್ತು ಆರು ಏರ್‌ಬ್ಯಾಗ್ ಇರುವ ಸರಳ ಕಾರು ಸಿಕ್ಕರೆ, ಎರಡನೆಯದನ್ನು ತೆಗೆದುಕೊಳ್ಳಿ. ಹಿಂದೆ ಕೂರುವವರು ನಿಮ್ಮ ಮಕ್ಕಳು.

6. ಅಮ್ಮನನ್ನು ಕರೆದುಕೊಂಡು ಹೋಗಿ

ಸೆಡಾನ್ ಸೀಟು ತಗ್ಗು. ಮಂಡಿನೋವು ಇರುವವರು ಎರಡು ಬಾರಿ ಹತ್ತಿ ಇಳಿಯಲಿ. ತೀರ್ಪು ಅಲ್ಲೇ ಸಿಗುತ್ತದೆ. ಡಿಕ್ಕಿ ವಿಷಯದಲ್ಲಿ ಚಿಂತೆ ಬೇಡ: ಸಿಟಿ 506 ಲೀಟರ್, ಸಿಯಾಜ್ 510, ಸ್ಲಾವಿಯಾ ಮತ್ತು ವರ್ಟಸ್ 521, ವೆರ್ನಾ 528. ಮದುವೆಗೆ ಹೊರಟ ಮನೆಯ ಸೂಟ್‌ಕೇಸೆಲ್ಲ ಹಿಡಿಯುತ್ತದೆ. ನಿಮ್ಮ ಬೀದಿಯಲ್ಲಿ ಎತ್ತರದ ಹಂಪ್ ಇದ್ದರೆ ಐದು ಜನ ಕೂತೇ ಟೆಸ್ಟ್ ಡ್ರೈವ್ ಮಾಡಿ. ಖಾಲಿ ಕಾರು ಎಲ್ಲ ಹಂಪ್ ದಾಟುತ್ತದೆ.

7. ಬಳಸಿದ ಕಾರನ್ನು ಬೆಳಿಗ್ಗೆ, ತಣ್ಣಗಿರುವಾಗ ನೋಡಿ

ಈ ಸೂತ್ರಕ್ಕೆ ಎರಡು ಗಂಟೆ ಕೊಡಿ. ಉಳಿದ ಹಲವನ್ನು ಫೋನ್‌ನಲ್ಲಿ ಮುಗಿಸಬಹುದು, ಇದನ್ನಲ್ಲ.

ಹಿಂದಿನ ರಾತ್ರಿಯೇ ಓನರ್‌ಗೆ ಹೇಳಿ: ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.’ ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ಯಾರೋ ಆಗಲೇ ಎಂಜಿನ್ ಕಾಯಿಸಿದ್ದಾರೆ. ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ ನೀವೇ ಸ್ಟಾರ್ಟ್ ಮಾಡಿ, ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಎರಡರಲ್ಲಿ ಯಾವುದು ಕಂಡರೂ ಕೈಮುಗಿದು ಹೊರಡಿ.

ಬಾನೆಟ್ ಎತ್ತಿ. ಮುಂದಿನ ಫೆಂಡರ್ ಹಿಡಿದ ಬೋಲ್ಟ್‌ಗಳ ತಲೆ ನೋಡಿ. ಫ್ಯಾಕ್ಟರಿಯ ಬೋಲ್ಟ್ ಮೇಲೆ ಬಾಡಿಯ ಬಣ್ಣವೇ ಒಡೆಯದೆ ಕೂತಿರುತ್ತದೆ. ಮೂಲೆಗಳಲ್ಲಿ ಬಣ್ಣ ಕಿತ್ತು ಲೋಹ ಕಂಡರೆ ಸ್ಪ್ಯಾನರ್ ಬಿದ್ದಿದೆ, ಫೆಂಡರ್ ಬಿಚ್ಚಿದ್ದಾರೆ. ಏಕೆ ಎಂದು ಕೇಳಿ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು, ಕೆಳಗಿನ ತಗಡಿನ ಅಂಚಿನ ಮೇಲೆ ಬೆರಳಾಡಿಸಿ. ಎಡ ಬಲ ಎರಡೂ ಒಂದೇ ತರಹ ನಯವಾಗಿರಬೇಕು. ಒರಟು ವೆಲ್ಡಿಂಗ್ ಸಿಕ್ಕಿದರೆ ಹಿಂದಿನಿಂದ ಜೋರಾಗಿ ಗುದ್ದಿಸಿಕೊಂಡ ಕಾರು ಅದು. ಎಲ್ಲ ಕಿಟಕಿ ಗಾಜಿನ ಮೂಲೆಯ ಮುದ್ರೆ ಹೋಲಿಸಿ. ಒಂದರಲ್ಲಿ ಮಾತ್ರ ಬೇರೆ ವರ್ಷ ಇದ್ದರೆ ಆ ಗಾಜು ಬದಲಾಗಿದೆ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಓಡಿದ್ದು 25,000 ಕಿಲೋಮೀಟರ್ ಎನ್ನುತ್ತಾರೆ, ಆದರೆ ನಾಲ್ಕೂ ಟೈರು ಹೊಸವು, ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆ ಎಂದರೆ ಮೀಟರ್ ಹಿಂದೆ ತಿರುಗಿಸಿರಬಹುದು.

ಇನ್ನು ನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳೇ ಮುಳುಗಿದವು. 2015 ಮತ್ತು 2023ರ ಡಿಸೆಂಬರ್‌ಗಳಲ್ಲಿ ಚೆನ್ನೈ ಮುಳುಗಿತು. ನೀರು ಕುಡಿದ ಕಾರನ್ನು ಒಣಗಿಸಿ ಪಾಲಿಶ್ ಮಾಡಿ ಮಾರುವವರಿದ್ದಾರೆ. ಸೀಟ್‌ಬೆಲ್ಟನ್ನು ಪೂರ್ತಿ, ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗೆ ಅಡಗಿದ ಭಾಗವನ್ನು ಯಾರೂ ತೊಳೆಯುವುದಿಲ್ಲ. ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ ಇದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ಇಂದಿನ ಕಾರಿನ ವೈರಿಂಗ್‌ಗೆ ನೀರು ಹೊಕ್ಕರೆ ತೊಂದರೆ ವರ್ಷಗಟ್ಟಲೆ ಒಂದೊಂದಾಗಿ ಹೊರಬರುತ್ತದೆ.

8. ಗೇರ್‌ಬಾಕ್ಸನ್ನು ರ‍್ಯಾಂಪ್‌ನಲ್ಲಿ ಪರೀಕ್ಷಿಸಿ

ಆಟೋಮ್ಯಾಟಿಕ್ ಎಂಬ ಒಂದೇ ಪದದ ಕೆಳಗೆ ಮೂರು ಬೇರೆ ಯಂತ್ರಗಳಿವೆ. ಸಿಟಿಯಲ್ಲಿ ಸಿವಿಟಿ. ಸ್ಲಾವಿಯಾ, ವರ್ಟಸ್‌ನ 1.5 ಲೀಟರ್ ಟರ್ಬೊದಲ್ಲಿ 7 ಸ್ಪೀಡ್ ಡ್ಯುಯಲ್ ಕ್ಲಚ್. 1 ಲೀಟರ್‌ನಲ್ಲಿ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಬಂತು. ಡ್ರೈ ಡ್ಯುಯಲ್ ಕ್ಲಚ್ ಹೈವೇಯಲ್ಲಿ ಬಲು ಚುರುಕು, ಆದರೆ ಸಿಲ್ಕ್ ಬೋರ್ಡ್ ತರಹದ ತೆವಳಾಟದಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತದೆ. ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ನಿಲ್ಲಿಸಿ ಮುಂದಕ್ಕೆ ಹತ್ತಿಸಿ. ಆಮೇಲೆ ರಿವರ್ಸ್‌ನಲ್ಲಿ ಹತ್ತಿಸಿ. ನಡುಗಿದರೆ ಅಥವಾ ತಡವರಿಸಿದರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಸಿವಿಟಿಯಲ್ಲಿ ಫ್ಲೂಯಿಡ್ ಬದಲಾಯಿಸಿದ ಬಿಲ್ ಕೇಳಿ.

9. ಬಾಯಿ ಮಾತು ಬಿಡಿ, ದಾಖಲೆ ಕೇಳಿ

ಆಥರೈಸ್ಡ್ ಸರ್ವಿಸ್ ಸೆಂಟರ್‌ನಿಂದ ಸರ್ವಿಸ್ ಹಿಸ್ಟರಿ ತೆಗೆಸಲು ಓನರ್‌ಗೇ ಹೇಳಿ. ಪ್ರತಿ ಸರ್ವಿಸ್‌ನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ. ಅಂಕಿಗಳು ಏರುತ್ತಲೇ ಹೋಗಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ಎಷ್ಟನೇ ಓನರ್, ಸಾಲ ಇದೆಯೇ, ಇನ್ಶೂರೆನ್ಸ್ ಎಲ್ಲಿಯವರೆಗೆ ಎಂದು ನೋಡಿ. ಬಾಕಿ ಟ್ರಾಫಿಕ್ ಫೈನ್ ನೋಡಿ, ಕಟ್ಟಿಸಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಡೆಲ್ಲಿ ನಂಬರಿನ ಕಾರು ಕಡಿಮೆಗೆ ಸಿಕ್ಕಿತೇ? ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಎರಡನ್ನೂ ಕೂಡಿಸಿ ಮತ್ತೆ ಲೆಕ್ಕ ಹಾಕಿ. ‘ಕಡಿಮೆ’ ಹೆಚ್ಚಾಗಿ ಅಲ್ಲೇ ಮಾಯವಾಗುತ್ತದೆ.

ಹೊಸ ಕಾರಿಗೂ ಇದೇ ಶಿಸ್ತು. ರಿಜಿಸ್ಟ್ರೇಷನ್‌ಗೆ ಮೊದಲು ಸ್ಟಾಕ್‌ಯಾರ್ಡ್‌ಗೆ ಹೋಗಿ ಹಗಲು ಬೆಳಕಿನಲ್ಲಿ ನೋಡಿ. ತಯಾರಾದ ತಿಂಗಳು, ಓಡಿದ ಕಿಲೋಮೀಟರ್, ಪೇಂಟ್, ಟೈರ್ ಪರಿಶೀಲಿಸಿ. ನಂಬರ್ ಬಿದ್ದ ಮೇಲೆ ಕಾರು ಬದಲಾಯಿಸುವುದು ಬಹಳ ಕಷ್ಟ. ಇನ್ಶೂರೆನ್ಸ್ ಡೀಲರ್ ಬಳಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನ ಕೊಟೇಷನ್ ತೆಗೆದುಕೊಂಡು ಹೋಗಿ, ಬೆಲೆ ಅಲ್ಲೇ ಇಳಿಯುತ್ತದೆ.

10. ಇಎಂಐ ನೋಡಬೇಡಿ, ಒಟ್ಟು ಮೊತ್ತ ನೋಡಿ

10 ಲಕ್ಷ ಸಾಲ, ಶೇ 9 ಬಡ್ಡಿ. ಐದು ವರ್ಷಕ್ಕೆ ಇಎಂಐ ಸುಮಾರು 20,760. ಏಳು ವರ್ಷಕ್ಕೆ 16,090. ಎರಡನೆಯದು ಹಗುರ ಅನ್ನಿಸುತ್ತದೆ, ಆದರೆ ಒಟ್ಟಾರೆ ಮೊದಲನೆಯದಕ್ಕಿಂತ ಒಂದು ಲಕ್ಷಕ್ಕೂ ಹೆಚ್ಚು ಹಣ ಜಾಸ್ತಿ ಕಟ್ಟುತ್ತೀರಿ. ಬಳಸಿದ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸದಕ್ಕಿಂತ ಜಾಸ್ತಿ; ಅದರ ಮೇಲೆ ಕೆಲವರು ‘ಫ್ಲಾಟ್ ರೇಟ್’ ಹೇಳುತ್ತಾರೆ. 6 ಲಕ್ಷಕ್ಕೆ ನಾಲ್ಕು ವರ್ಷ ಶೇ 9 ಫ್ಲಾಟ್ ಎಂದರೆ ಬಡ್ಡಿ 2.16 ಲಕ್ಷ. ಅದೇ ಶೇ 9 ರೆಡ್ಯೂಸಿಂಗ್ ಆದರೆ ಸುಮಾರು 1.17 ಲಕ್ಷ. ‘ರೆಡ್ಯೂಸಿಂಗ್ ರೇಟ್ ಎಷ್ಟು?’ ಎಂದು ನೇರವಾಗಿ ಕೇಳಿ. ಬಳಸಿದ ಕಾರಿನ ಬೆಲೆ ಗಿಟ್ಟಿದರೂ 50,000ದಷ್ಟು ಕೈಯಲ್ಲಿಟ್ಟುಕೊಳ್ಳಿ. ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಫುಲ್ ಸರ್ವಿಸ್ ಮೊದಲ ವರ್ಷವೇ ಬರಬಹುದು.

11. ಹಣ ಕೊಟ್ಟ ದಿನವೇ ವರ್ಗಾವಣೆ ಶುರು ಮಾಡಿ

ಫಾರ್ಮ್ 29, ಫಾರ್ಮ್ 30ಕ್ಕೆ ಓನರ್ ಸಹಿ ಹಾಕಿಸಿಕೊಂಡೇ ಬ್ಯಾಂಕ್ ಮೂಲಕ ಹಣ ಕಳಿಸಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಓನರ್ ಮೈಮರೆತರೆ ನೆನಪಿಸಿ: ಅಪಘಾತವಾದರೆ ರಿಜಿಸ್ಟರ್‌ನಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆಮೇಲೆ ಅವರೇ ಓಡಿಬರುತ್ತಾರೆ. ಇನ್ಶೂರೆನ್ಸ್ ವರ್ಗಾವಣೆಗೂ 14 ದಿನದೊಳಗೆ ಅರ್ಜಿ ಹಾಕಿ. ಹಳೆಯ ಓನರ್‌ನ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ರಿಯಾಯಿತಿ ಅವರ ಜತೆಗೇ ಹೋಗುತ್ತದೆ, ಕಾರಿನ ಜತೆ ಬರುವುದಿಲ್ಲ. ಆ ವ್ಯತ್ಯಾಸದ ಪ್ರೀಮಿಯಂ ಕಟ್ಟಲು ಸಿದ್ಧರಾಗಿರಿ. ಅದೇ ವಾರ ಹಳೆಯ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ ನಿಮ್ಮ ಹೆಸರಿನದ್ದು ಅಂಟಿಸಿ. ಎರಡನೇ ಕೀ ಕೇಳಿ ಪಡೆಯಿರಿ. ಸಿಗದಿದ್ದರೆ ಹೊಸ ಕೀ ಕೋಡಿಂಗ್‌ಗೆ ಸರ್ವಿಸ್ ಸೆಂಟರ್ ಎಷ್ಟು ಹೇಳುತ್ತದೋ ಅಷ್ಟನ್ನು ಬೆಲೆಯಿಂದ ಕಳೆಯಿರಿ.