ಮಹಾಸರೋವರಗಳು: ನೀರಿನ ದಾರಿಯಲ್ಲಿ ಹೆಸರುಗಳ ಕಲಿಕೆ

ಉತ್ತರ ಅಮೆರಿಕದ ಐದು ಮಹಾಸರೋವರಗಳನ್ನು ಇಂಗ್ಲಿಷ್ ಮೊದಲಕ್ಷರಗಳ ‘ಹೋಮ್ಸ್’ ಸೂತ್ರದಿಂದ ಬಾಯಿಪಾಠ ಮಾಡಿಸುವುದುಂಟು. ಈ ಸೂತ್ರ ಹೆಸರುಗಳನ್ನು ನೆನಪಿಗೆ ತರುತ್ತದೆ. ಯಾವುದು ಎಲ್ಲಿದೆ ಎಂಬುದನ್ನು ತಿಳಿಸುವುದಿಲ್ಲ. ಖಾಲಿ ನಕ್ಷೆಯ ಮುಂದೆ ವಿದ್ಯಾರ್ಥಿ ತಡವರಿಸುವುದು ಇದರಿಂದಲೇ. ನೀರು ಹರಿಯುವ ಕ್ರಮದಲ್ಲಿ ಕಲಿಸಿದರೆ ಹೆಸರು, ಸ್ಥಾನ ಮತ್ತು ಕಾರಣ ಒಟ್ಟಿಗೆ ಮನಸ್ಸಿನಲ್ಲಿ ನಿಲ್ಲುತ್ತವೆ.

ಹಂತ 1: ಹೆಸರಿನ ಅರ್ಥ
‘ಸುಪೀರಿಯರ್’ ಎಂದರೇನೆಂದು ಕೇಳಿ. ‘ಶ್ರೇಷ್ಠ’ ಎಂಬ ಉತ್ತರ ಬರಬಹುದು. ಮೂಲ ಫ್ರೆಂಚ್ ಹೆಸರಿನ ಅರ್ಥ ‘ಮೇಲಿನ ಸರೋವರ’. ವಿಸ್ತೀರ್ಣದಲ್ಲಿ ಇದು ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಸುಮಾರು 82,000 ಚದರ ಕಿ.ಮೀ. ಆದರೆ ಹೆಸರು ಸೂಚಿಸುವುದು ಗಾತ್ರವನ್ನಲ್ಲ, ಸ್ಥಾನವನ್ನು. ಹ್ಯೂರಾನ್ ಮತ್ತು ಈರಿ ಅಲ್ಲಿನ ಮೂಲನಿವಾಸಿ ಜನಾಂಗಗಳ ಹೆಸರುಗಳು. ‘ಮಿಚಿಗನ್’ ಒಜಿಬ್ವೆ ಭಾಷೆಯ ‘ದೊಡ್ಡ ನೀರು’ ಎಂಬ ಅರ್ಥದ ಪದದಿಂದ ಬಂದಿದೆ.

ಹಂತ 2: ಮೆಟ್ಟಿಲು ಚಿತ್ರ
ಸಮುದ್ರಮಟ್ಟದಿಂದ ನೀರಿನ ಮೇಲ್ಮೈಯ ಸರಾಸರಿ ಎತ್ತರವನ್ನು ಕಪ್ಪುಹಲಗೆಯಲ್ಲಿ ಬರೆಯಿರಿ:
ಸುಪೀರಿಯರ್ – 183 ಮೀ.
ಮಿಚಿಗನ್, ಹ್ಯೂರಾನ್ – 176 ಮೀ.
ಈರಿ – 174 ಮೀ.
ಒಂಟಾರಿಯೊ – 75 ಮೀ.

1 ಸೆಂ.ಮೀ.ಗೆ 20 ಮೀ. ಪ್ರಮಾಣದಲ್ಲಿ ವಿದ್ಯಾರ್ಥಿಗಳೇ ಮೆಟ್ಟಿಲುಗಳನ್ನು ಬಿಡಿಸಲಿ. ಈರಿಯಿಂದ ಒಂಟಾರಿಯೊಗೆ 99 ಮೀ. ಇಳಿತ ಕಣ್ಣಿಗೆ ಬೀಳುತ್ತದೆ. ‘ಇಲ್ಲಿ ನೀರು ಏನಾಗಬೇಕು?’ ಎಂದು ಕೇಳಿ ಸುಮ್ಮನಿರಿ. ನಯಾಗರ ಜಲಪಾತ ಮಕ್ಕಳ ಬಾಯಿಂದಲೇ ಬರಲಿ. ಹಡಗುಗಳು ಈ ಇಳಿತವನ್ನು ದಾಟಲು ಕೆನಡಾದ ವೆಲ್ಯಾಂಡ್ ಕಾಲುವೆಯಲ್ಲಿ 8 ಜಲಬಂಧಗಳಿವೆ ಎಂಬುದನ್ನು ಆಮೇಲೆ ತಿಳಿಸಿ.

ಹಂತ 3: ನಕ್ಷೆ
ಬಾಣದ ಗುರುತಿನಿಂದ ಸುಪೀರಿಯರ್, ಹ್ಯೂರಾನ್, ಈರಿ, ಒಂಟಾರಿಯೊಗಳನ್ನು ಜೋಡಿಸಿ, ಸೇಂಟ್ ಲಾರೆನ್ಸ್ ನದಿಯ ಮೂಲಕ ಅಟ್ಲಾಂಟಿಕ್ ಸಾಗರ ಮುಟ್ಟಿಸಿ. ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಅಂಶ: ಸುಪೀರಿಯರ್ ನೀರು ಮಿಚಿಗನ್ ಮೂಲಕ ಹರಿಯುವುದಿಲ್ಲ. ಮಿಚಿಗನ್ ಪಕ್ಕದಲ್ಲಿದ್ದು, ಮ್ಯಾಕಿನಾ ಜಲಸಂಧಿಯಲ್ಲಿ ಹ್ಯೂರಾನ್‌ನೊಂದಿಗೆ ಸೇರುತ್ತದೆ. ಆದ್ದರಿಂದಲೇ ಎರಡರ ಮಟ್ಟವೂ ಒಂದೇ. ಐದರಲ್ಲಿ ಪೂರ್ತಿಯಾಗಿ ಅಮೆರಿಕ ಸಂಯುಕ್ತ ಸಂಸ್ಥಾನದೊಳಗಿರುವುದು ಇದೊಂದೇ. ಉಳಿದ ನಾಲ್ಕರ ಮಧ್ಯೆ ಕೆನಡಾದ ಗಡಿ ಹಾದುಹೋಗುತ್ತದೆ.

ಮೌಲ್ಯಮಾಪನ
1. ಹೆಸರುಗಳಿಲ್ಲದ ನಕ್ಷೆಯಲ್ಲಿ ಮೊದಲು ಹರಿವಿನ ಬಾಣ, ನಂತರ ಹೆಸರು ಬರೆಯಿರಿ.
2. ಈರಿಯ ವಿಸ್ತೀರ್ಣ ಒಂಟಾರಿಯೊಗಿಂತ ಹೆಚ್ಚು. ಆದರೂ ಒಂಟಾರಿಯೊದಲ್ಲಿ ನೀರು ಮೂರು ಪಟ್ಟಿಗಿಂತ ಹೆಚ್ಚು. ಏಕೆ? (ಗರಿಷ್ಠ ಆಳ: ಈರಿ 64 ಮೀ., ಒಂಟಾರಿಯೊ 244 ಮೀ.)

ಬಾಣ ಸರಿಯಿದ್ದು ಒಂದು ಹೆಸರು ತಪ್ಪಿದ್ದರೂ ಅಂಕ ಕೊಡಿ. ಹೆಸರನ್ನು ನಾಳೆ ತಿದ್ದಬಹುದು. ಹರಿವು ತಿಳಿಯದಿದ್ದರೆ ಪಾಠವನ್ನೇ ಮತ್ತೆ ಮಾಡಬೇಕಾಗುತ್ತದೆ.